ಚಾರ್ಟಿನಲ್ಲಿ ‘ಳ’ ಎಲ್ಲಿದೆ?

‘ಳ’ದಿಂದ ಶುರುವಾಗುವ ಒಂದು ಕನ್ನಡ ಪದ ಹೇಳಿ ನೋಡೋಣ. ಸಿಗುವುದಿಲ್ಲ, ಅಲ್ವಾ? ‘ಣ’ದಿಂದ? ಅದೂ ಇಲ್ಲ. ಆದರೆ ಬೆಳಗ್ಗೆ ಎದ್ದಾಗಿಂದ ಮಗು ಏನೇನು ಮಾತಾಡುತ್ತದೆ ಅಂತ ಸ್ವಲ್ಪ ಕಿವಿಗೊಟ್ಟು ಕೇಳಿ. ಅಣ್ಣ, ಕಣ್ಣು, ಬಣ್ಣ, ಮಣ್ಣು. ನಾಳೆ, ಒಳಗೆ, ಅವಳು, ಮಳೆ. ಬಾಳೆಹಣ್ಣಿನಲ್ಲಂತೂ ಎರಡೂ ಇವೆ!

ಮಗುವಿನ ಉಚ್ಚಾರ ತಿದ್ದಲು ಸ್ಪೀಚ್ ಥೆರಪಿಸ್ಟ್ ಚಿತ್ರದ ಚಾರ್ಟ್ ಹಿಡಿದು ಕೂತಾಗ ಮಾತ್ರ ಈ ಸದ್ದುಗಳು ಕೈತಪ್ಪಿ ಹೋಗುತ್ತವೆ. ಆ್ಯಪಲ್, ಬಾಲ್ ಚಿತ್ರಗಳಲ್ಲಿ ‘ಳ’ ಬರಲು ಸಾಧ್ಯವೇ ಇಲ್ಲ, ಇಂಗ್ಲಿಷಿನಲ್ಲಿ ಆ ಸದ್ದೇ ಇಲ್ಲ. ಕನ್ನಡದ ಚಾರ್ಟ್ ತಂದರೂ ಅದು ಪದದ ಮೊದಲ ಅಕ್ಷರದ ಲೆಕ್ಕ. ‘ಝ’ಕ್ಕೆ ಝರಿ ಇರುತ್ತದೆ. ಮನೆಮಾತಿನಲ್ಲಿ ಝರಿ ಎಷ್ಟು ಸಲ ಬರುತ್ತದೆ ಹೇಳಿ? ‘ಝ’, ‘ಥ’ದಂಥ ಮಹಾಪ್ರಾಣ ಮಾತಿನಲ್ಲಿ ಕಮ್ಮಿಯೇ, ‘ಕಥೆ’ಯನ್ನೇ ನಮ್ಮಲ್ಲಿ ಜಾಸ್ತಿ ಜನ ‘ಕತೆ’ ಅನ್ನುತ್ತೇವೆ.

ಮಗುವಿನ ಬಾಯಲ್ಲಿ ದಿನಾ ಬೇಕಾಗುವ ಸದ್ದು ಯಾವುದು ಅಂತ ಎಣಿಸಿ, ಅಭ್ಯಾಸದ ಪದಗಳನ್ನು ಅಲ್ಲಿಂದ ಆರಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಎಣಿಕೆಯನ್ನು ಪತ್ರಿಕೆ, ಪುಸ್ತಕದಿಂದ ಮಾಡಿದರೆ ಸಾಲದು. ಅಚ್ಚಿನಲ್ಲಿ ‘ಹೋಗುತ್ತೇನೆ’ ಇರುತ್ತದೆ, ಬಾಯಲ್ಲಿ ‘ಹೋಗ್ತೀನಿ’. ನಡುವಿನ ‘ಉ’ ಬಿದ್ದುಹೋಗಿ ಗ, ತ ಎರಡೂ ಅಂಟಿಕೊಂಡವು. ನಾಲಿಗೆಗೆ ಕಷ್ಟವಾಗುವುದು ಆ ಜೋಡಣೆಯೇ. ಪುಸ್ತಕ ನೋಡಿ ‘ಗು, ಗು’ ಅಂತ ಎಷ್ಟು ಹೇಳಿಸಿದರೂ ಅದು ಬರುವುದಿಲ್ಲ.

ಊರನ್ನೂ ನೋಡಬೇಕು. ಮಂಡ್ಯ ಕಡೆಯ ಮಗು ‘ಆಲು’ ಕೊಡು ಅಂದರೆ ಅದು ಹಾಲನ್ನೇ ಕೇಳುತ್ತಿದೆ. ಅವರಜ್ಜಿಯೂ ಹಾಗೇ ಹೇಳುತ್ತಾರೆ. ಅದನ್ನು ದೋಷ ಅಂತ ಬರೆದುಕೊಳ್ಳುವುದು ತಪ್ಪು.

ಹಾಗಂತ ಹೆಚ್ಚು ಬರುವ ಸದ್ದನ್ನೇ ಮೊದಲು ಕಲಿಸಿ ಅಂತ ನಾನು ಹೇಳುತ್ತಿಲ್ಲ. ಪ, ಮ, ನ ಬೇಗ ಬರುತ್ತವೆ. ರ, ಳ ತಡ. ಮೂರು ವರ್ಷದ ಮಗು ‘ಮಲೆ’ ಬಂತು ಅಂದರೆ ಗಾಬರಿ ಬೇಡ. ಆದರೆ ಶಾಲೆಗೆ ಹೋಗುವ ಮಗು ‘ಹಾಳು’, ‘ಹಾಲು’ ಎರಡನ್ನೂ ಒಂದೇ ತರ ಹೇಳುತ್ತಿದ್ದರೆ, ಮನೆಯಲ್ಲಿ ಉಳಿದವರು ಬೇರೆಬೇರೆಯಾಗಿ ಹೇಳುತ್ತಿದ್ದರೆ, ಆಗ ಥೆರಪಿಸ್ಟ್ ಹತ್ತಿರ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸದಲ್ಲಿದೆ.

ಹೋಗುವ ಮುಂಚೆ ಒಂದು ಕೆಲಸ ಮಾಡಿ. ಊಟದ ಹೊತ್ತಿನಲ್ಲಿ ಮಗು ಆಡುವ ಮಾತನ್ನು ಹತ್ತು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ. ತಿದ್ದಬೇಡಿ, ಸುಮ್ನೆ ಮಾತಾಡಲು ಬಿಡಿ. ಥೆರಪಿಸ್ಟ್ ಚಾರ್ಟ್ ತೆಗೆಯುವ ಮೊದಲು ಅದನ್ನು ಕೇಳಿಸಿ.