ಫರ್ಸಿ ತುಂಡಿನ ಚಾರ್ಜಿಂಗ್ ಸ್ಟ್ಯಾಂಡ್

ಕೇಳುಗರೆಲ್ಲರಿಗೂ ಶರಣ್ರಿ. ಫೋನ್ ನಿಂತಲ್ಲೇ ಚಾರ್ಜ್ ಆಗೋ ಸ್ಟ್ಯಾಂಡು, ಅಂಗಡ್ಯಾಗ ಡಾಕ್ ಅಂತ ಮಾರ್ತಾರಲ್ಲ, ಅದನ್ನ ಮನ್ಯಾಗ ಬಿದ್ದ ಗುಜರಿ ಸಾಮಾನಿನಿಂದ ಹೆಂಗ ಮಾಡ್ಕೋಬೇಕು ಅಂತ ಇವತ್ತು ಹೇಳ್ತೀನಿ. ನಮ್ಮ ಕಡಿ ಮನಿಗಳಾಗ ಸ್ವಿಚ್ ಬೋರ್ಡ್ ಎದಿ ಎತ್ತರಕ್ಕ ಇರ್ತದ, ವೈರು ಸಾಲಂಗಿಲ್ಲ, ಹಿಂಗಾಗಿ ಫೋನು ವೈರಿಗೇ ಜೋತು ಬಿದ್ದಿರ್ತದ, ಇಲ್ಲಾಂದ್ರ ಹಾಸಿಗಿ ಮ್ಯಾಲ ದಿಂಬಿನ ಬಾಜೂಕ. ಜೋತು ಬಿದ್ರ ಪೋರ್ಟ್, ಅಂದ್ರ ಫೋನಿನಾಗ ಪಿನ್ನು ಹಾಕೋ ತೂತು, ಸಡ್ಲ ಆಗ್ತದ, ದಿಂಬಿನ ಬಾಜೂಕ ಇಟ್ರ ಬಿಸಿ ಹೊರಗ ಹೋಗಂಗಿಲ್ಲ. ಲಿಥಿಯಂ ಬ್ಯಾಟರಿ 45 ಡಿಗ್ರಿ ದಾಟಿ ಕಾದಾಗ ಚಾರ್ಜ್ ಮಾಡೋದು ಛಲೋ ಅಲ್ಲ, ಮತ್ತ ನಮ್ಮ ಕಲಬುರಗಿ ಬ್ಯಾಸಗಿ ನಿಮಗ ಗೊತ್ತೇ ಅದ, ಮೇ ತಿಂಗಳಾಗ ಗಾಳಿನೇ 42 ಇರ್ತದ, ಅದರ ಮ್ಯಾಲ ಚಾರ್ಜ್ ಆಗೋವಾಗ ಫೋನಿನ ಬಿಸಿ ಬ್ಯಾರೆ.

ಅದಕ್ಕ ನಾ ಹೇಳೋದು ಶಹಾಬಾದಿ ಫರ್ಸಿ. ಶಹಾಬಾದ, ಚಿತ್ತಾಪುರ ಕಡಿ ಗಣಿಯಿಂದ ಬರೋ ಈ ಕಲ್ಲು ನಮ್ಮ ನೆಲಕ್ಕ, ಕಟ್ಟಿಗೆ, ಕಂಪೌಂಡಿಗೆ ಎಲ್ಲಾ ಕಡಿ ಅದ, ಯಾರರೆ ಮನಿ ಕಟ್ಟಸ್ಲಿಕತ್ತಿದ್ರ ಬಾಗಲ ಮುಂದ ಕಟಿಂಗ್ ತುಂಡುಗೋಳು ಬಿದ್ದೇ ಇರ್ತಾವ, ಕೇಳಿದ್ರ ಸುಮ್ನ ಕೊಡ್ತಾರ. ತೂಕ ಇರ್ತದ ಅಂದಮ್ಯಾಗ ವೈರು ಎಳದ್ರೂ ಸ್ಟ್ಯಾಂಡು ಜರಗಂಗಿಲ್ಲ, ಬೆಂಕಿ ಹತ್ತಂಗಿಲ್ಲ, ಜಲ್ದಿ ಕಾಯಂಗೂ ಇಲ್ಲ. ಪ್ಲಾಸ್ಟಿಕ್ ಡಬ್ಬಿ, ಥರ್ಮಾಕೋಲು, ರಟ್ಟಿನ ಬಾಕ್ಸ್ ನಂಗ ಮನಸಿಗೆ ಬರಂಗಿಲ್ಲ, ಹಗರ ಇರ್ತಾವ, ಬಿಸಿ ಹಿಡಕೊಂಡು ಕೂಡ್ತಾವ.

ರಂಧ್ರ ಕೊರೆಯೋ ಕೆಲಸನೇ ಬ್ಯಾಡ. ಅಂಗೈ ಅಗಲದ ಎರಡು ಕಲ್ಲಿನ ಗಡ್ಡಿ ಬಾಜೂಬಾಜೂಕ ಇಡ್ರಿ, ನಡುವ ಹೆಬ್ಬಟ್ಟು ಹೋಗೋ ಅಷ್ಟು ಸಂದಿ ಬಿಡ್ರಿ, ಚಾರ್ಜರ್ ವೈರಿನ ಪಿನ್ನು ಕೆಳಗಿಂದ ಈ ಸಂದ್ಯಾಗೇ ಏಳ್ತದ. ಗಡ್ಡಿ ಕಮ್ಮಿ ಅಂದ್ರೂ ಎರಡು ಇಂಚು ಎತ್ತರ ಇರ್ಬೇಕು, ಫರ್ಸಿ ತೆಳ್ಳಗಿದ್ರ ಒಂದರ ಮ್ಯಾಲ ಒಂದು ಅಂಟಸ್ರಿ, ಯಾಕಂದ್ರ ಪಿನ್ನಿನ ಬುಡದಾಗ ವೈರಿಗೆ ಸಾವಕಾಶ ತಿರುಗ್ಲಿಕ್ಕ ಜಾಗ ಬೇಕು, ಒಮ್ಮೆಲೇ ಮಡಚಿದ್ರ ಒಳಗಿನ ತಂತಿ ತುಂಡಾಗ್ತಾವ. ಹಿಂದ ಒಂದು ಉದ್ದನ ತುಂಡು ಎರಡೂ ಗಡ್ಡಿಗೆ ತಾಗಿ ಸ್ವಲ್ಪ ಹಿಂದಕ್ಕ ವಾಲಿಸಿ ನಿಲ್ಲಸ್ರಿ, ಮುಂದ ಫೋನು ಜಾರದಂಗ ಬೆರಳು ದಪ್ಪನ ಕಟಗಿ ಪಟ್ಟಿ, ಎರಡೂ ಬದಿಗೆ ಒಂದೊಂದು. ಕವರ್ ಹಾಕಿದ ಫೋನು ಸಾಮಾನ್ಯವಾಗಿ 10-12 ಮಿಲಿಮೀಟರ್ ದಪ್ಪ ಇರ್ತದ, ಪಟ್ಟಿಗೂ ಹಿಂದಿನ ತುಂಡಿಗೂ ನಡುವ ಎಷ್ಟು ಜಾಗ ಬಿಡ್ಬೇಕು ಅಂತ ನಿಮ್ಮ ಫೋನೇ ಇಟ್ಟು ಅಳತಿ ತಗೋರಿ. ಅಂಟಸ್ಲಿಕ್ಕ ಎಂಸೀಲ್ ಸಾಕು, ಆದ್ರ ಕಲ್ಲಿನ ಧೂಳು ತೊಳದು ಒಣಗಿಸಿ ಸ್ಯಾಂಡ್ ಪೇಪರ್ ತಿಕ್ಕಿದ ಮ್ಯಾಲೇ ಹಚ್ರಿ, ರಾತ್ರಿ ಪೂರ್ತಿ ಮುಟ್ಟಬ್ಯಾಡ್ರಿ. ಮಷೀನಿನಾಗ ಕಲ್ಲು ಕೊಯ್ಯೋದಿದ್ರ ನೀರು ಬಿಟ್ಟೇ ಕೊಯ್ಯಸ್ರಿ, ಆ ಧೂಳು ಪುಪ್ಪುಸಕ್ಕ ಭಾಳ ಕೆಟ್ಟದ್ದು.

ಈಗ ಮುಖ್ಯ ಮಾತು. ಫೋನಿನ ಭಾರ ಪಿನ್ನಿನ ಮ್ಯಾಲ ಬೀಳಬಾರ್ದು, ಕಲ್ಲಿನ ಮ್ಯಾಲ ಬೀಳ್ಬೇಕು. ಭಾಳ ಮಂದಿ ಪಿನ್ನನ್ನ ಎಂಸೀಲ್ ಹಾಕಿ ಬಿಗಿ ಮಾಡ್ತಾರ, ಆಗ ಫೋನು ಜರಾ ಓರೆ ಆಯ್ತಂದ್ರ ಪೋರ್ಟಿಗೇ ಪೆಟ್ಟು. ಹಳೇ ಸೈಕಲ್ ಟ್ಯೂಬಿನ ಪಟ್ಟಿ ಪಿನ್ನಿನ ಬುಡಕ್ಕ ಸುತ್ತಿ ಸಂದ್ಯಾಗ ಒತ್ತಿ ಕೂಡಸ್ರಿ, ಸ್ವಲ್ಪ ಅಲುಗಾಡ್ತದ, ಅಲುಗಾಡ್ಲೇಬೇಕು. ಅದೇ ಟ್ಯೂಬಿನ ಎರಡು ತುಂಡು ಫೋನ್ ಕೂಡೋ ಜಾಗಕ್ಕೂ ಹಚ್ರಿ, ಮೈಕ್ ಸ್ಪೀಕರಿನ ತೂತು ಮಾತ್ರ ಮುಚ್ಚಬ್ಯಾಡ್ರಿ. ಕೆಳಗ ಸವೆದ ಚಪ್ಪಲಿ ಅಟ್ಟಿ ಕೊಯ್ದು ನಾಲ್ಕು ಕಾಲು ಮಾಡ್ರಿ, ವೈರು ಅದರ ನಡುವಿಂದ ಹಿಂದಕ್ಕ ಹೋಗ್ತದ.

ಗುಜರಿ ಅನ್ನೋದು ಸ್ಟ್ಯಾಂಡಿನ ಮೈಗೆ ಮಾತ್ರ, ಕರೆಂಟಿನ ಸಾಮಾನಿಗೆ ಅಲ್ಲ. ಹರಿದ ವೈರಿಗೆ ಟೇಪ್ ಸುತ್ತಿ ಬಳಸಬ್ಯಾಡ್ರಿ, ಕೆಟ್ಟ ಚಾರ್ಜರ್ ಬಿಚ್ಚಿ ಅದರ ಬೋರ್ಡ್ ತಗದು ಸ್ಟ್ಯಾಂಡಿನಾಗ ಕೂಡಸ್ತೀನಿ ಅನ್ನೋ ಹುಡುಗರಿಗೆ ಕೈ ಮುಗಿದು ಹೇಳ್ತೀನಿ, ಬ್ಯಾಡ್ರಪಾ. ಅದರ ಒಂದು ಬದಿಗೆ ಗ್ವಾಡಿ ಪ್ಲಗ್ಗಿನ 230 ವೋಲ್ಟ್ ಇರ್ತದ, ಪ್ಲಗ್ ತಗದ ಮ್ಯಾಲೂ ಕರೆಂಟ್ ಕೂಡಿಟ್ಕೊಳ್ಳೋ ಕೆಪಾಸಿಟರ್‌ನಾಗ ಕರೆಂಟ್ ಸ್ವಲ್ಪ ಹೊತ್ತು ಉಳದಿರ್ತದ. ಬೈಕ್ ಬ್ಯಾಟರಿ 12 ವೋಲ್ಟಿಂದು, ಸಾದಾ ಯುಎಸ್‌ಬಿಗೆ ಬೇಕಾದದ್ದು 5, ನೇರ ಜೋಡಿಸಿದ್ರ ಫೋನು ಹೋದಂಗೇ.

ಬೀದರ, ಯಾದಗಿರಿ ಕಡಿ ಕೇಳ್ಲಿಕತ್ತವರಿಗೆ ಫರ್ಸಿ ಸಿಗದಿದ್ರ ಬೇವಿನ ಕಟಗಿ ಛಲೋ, ಪೂರಾ ಒಣಗಿದ್ದು ಇರ್ಬೇಕು ಅಷ್ಟೇ. ಮಾಡಿ ಆದಮ್ಯಾಲ ಕಿಟಕಿ ಬಿಸಿಲು ಬೀಳದ ಜಾಗದಾಗ ಇಡ್ರಿ, ಅರ್ಧ ತಾಸು ಚಾರ್ಜ್ ಹಚ್ಚಿ ಫೋನಿನ ಬೆನ್ನು, ಪಿನ್ನಿನ ಬುಡ, ಚಾರ್ಜರ್ ಮೂರನ್ನೂ ಮುಟ್ಟಿ ನೋಡ್ರಿ. ಉಗುರುಬೆಚ್ಚಗ ಇದ್ರ ಚಿಂತಿ ಇಲ್ಲ, ಕೈ ಇಡ್ಲಿಕ್ಕ ಆಗದಷ್ಟು ಸುಟ್ರ ಸ್ವಿಚ್ ಬಂದ್ ಮಾಡಿ ಮೊದಲು ವೈರು ಬದಲಿ ಮಾಡ್ರಿ. ಶರಣ್ರಿ.