ಲೈನ್‌ಮನ್ ಸ್ಟೀವ್ ಓವೆನ್

ಕೇಳುಗರಿಗೆ ನಮಸ್ಕಾರ.

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಓಡಿದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಅವನಿಗೆ ದಾರಿ ಬಿಡಿಸಿಕೊಡಲು ಮುಂಚೂಣಿಯಲ್ಲಿ ಎದೆಗೆ ಎದೆ ಕೊಟ್ಟ ಲೈನ್‌ಮನ್‌ಗಳನ್ನು ಕೇಳುವವರೇ ಇಲ್ಲ. ಇಂದು ನಾನು ಮಾತನಾಡಹೊರಟಿರುವುದು ಅಂಥ ಒಬ್ಬ ಲೈನ್‌ಮನ್ ಕುರಿತು.

ಸ್ಟೀವ್ ಓವೆನ್ ಹುಟ್ಟಿದ್ದು 1898ರಲ್ಲಿ, ಓಕ್ಲಹೋಮಾದ ಕ್ಲಿಯೋ ಸ್ಪ್ರಿಂಗ್ಸ್‌ನಲ್ಲಿ. ಓಕ್ಲಹೋಮಾ ಆಗಿನ್ನೂ ರಾಜ್ಯವೇ ಆಗಿರಲಿಲ್ಲ. ದೈತ್ಯ ಮೈಕಟ್ಟಿನ ಓವೆನ್ ಕೆಲಕಾಲ ಕುಸ್ತಿಯನ್ನೂ ಆಡಿದರು. 1924ರಲ್ಲಿ ಕನ್ಸಾಸ್ ಸಿಟಿ ತಂಡದಲ್ಲಿ, ಮುಂಚೂಣಿಯ ‘ಟ್ಯಾಕಲ್’ ಎಂಬ ಸ್ಥಾನದಲ್ಲಿ, ವೃತ್ತಿಪರ ಆಟಕ್ಕೆ ಇಳಿದರು. 1926ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಅವರನ್ನು 500 ಡಾಲರ್‌ಗೆ ಕೊಂಡಿತು. ಕೊಬ್ಬಿದ ಹಂದಿಗಳೇ ಇದಕ್ಕಿಂತ ಹೆಚ್ಚಿಗೆ ಮಾರಾಟವಾಗುವುದನ್ನು ನೋಡಿದ್ದೇನೆ ಎಂದು ಓವೆನ್ ಹೇಳುತ್ತಿದ್ದರು. ಮರುವರ್ಷ ಅವರ ನಾಯಕತ್ವದಲ್ಲಿ ಜೈಂಟ್ಸ್ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಪ್ರಶಸ್ತಿ ಗೆದ್ದಿತು. 13 ಪಂದ್ಯಗಳಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಟ್ಟು 20 ಅಂಕ ಮಾತ್ರ!

1930ರ ಕೊನೆಗೆ ಅವರಿಗೆ ತರಬೇತುದಾರರ ಹೊಣೆ ಬಂತು. ಮಾಲೀಕ ಟಿಮ್ ಮಾರಾ ಅವರೊಂದಿಗೆ ಲಿಖಿತ ಕರಾರು ಇರಲಿಲ್ಲ, ಕೈಕುಲುಕಿದರೆ ಮುಗಿಯಿತು. ಆ ನಂಬಿಕೆ 1953ರವರೆಗೆ ನಡೆಯಿತು.

1934ರ ಡಿಸೆಂಬರ್ 9ರಂದು ನಡೆದ ಅಂತಿಮ ಪಂದ್ಯದ ಕಥೆಯನ್ನು ಹೇಳಲೇಬೇಕು. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನ ಹೆಪ್ಪುಗಟ್ಟಿ ಕಲ್ಲಾಗಿತ್ತು. ಎದುರಿಗಿದ್ದದ್ದು ಆ ಋತುವಿನಲ್ಲಿ ಒಂದೂ ಪಂದ್ಯ ಸೋಲದ ಷಿಕಾಗೊ ಬೇರ್ಸ್. ಮೊಳೆಯಿದ್ದ ಬೂಟುಗಳಿಗೆ ನೆಲದಲ್ಲಿ ಹಿಡಿತವೇ ಸಿಗುತ್ತಿರಲಿಲ್ಲ. ರಬ್ಬರ್ ಅಟ್ಟೆಯ ಬೂಟು ಹಾಕಿದರೆ ಹೇಗೆ ಎಂದು ಆಟಗಾರ ರೇ ಫ್ಲಾಹರ್ಟಿ ಸೂಚಿಸಿದರು. ತಂಡದ ಸಹಾಯಕ ಏಬ್ ಕೋಹೆನ್ ಮ್ಯಾನ್‌ಹಟನ್ ಕಾಲೇಜಿಗೆ ಓಡಿ, ಅಲ್ಲಿನ ಬಾಸ್ಕೆಟ್‌ಬಾಲ್ ಬೂಟುಗಳನ್ನು ಬಾಚಿಕೊಂಡು ಬಂದರು. 13–3ರಿಂದ ಹಿಂದಿದ್ದ ಜೈಂಟ್ಸ್ ಕೊನೆಯ ಕಾಲುಭಾಗದಲ್ಲೇ 27 ಅಂಕ ಗಳಿಸಿ 30–13ರಿಂದ ಗೆದ್ದಿತು. ಆಟಗಾರನ ಮಾತಿಗೆ ಕಿವಿಗೊಟ್ಟ ತರಬೇತುದಾರ ಓವೆನ್. ಕೆಸರಿನಲ್ಲಿ ಉರುಳಾಡಿದ್ದ ಮನುಷ್ಯನಿಗೆ ಕಾಲ ಕೆಳಗಿನ ನೆಲದ ಬೆಲೆ ಗೊತ್ತಿತ್ತು.

ಓವೆನ್ ಹಳೆಯ ಕಾಲದವರು, ಒರಟು ಆಟ ಬಿಟ್ಟು ಬೇರೆ ತಿಳಿಯದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1950ರಲ್ಲಿ ಲೀಗಿಗೆ ಹೊಸದಾಗಿ ಬಂದ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಆಟೊ ಗ್ರಹಾಂ ಎಸೆತಗಳಿಗೆ ಎಲ್ಲರೂ ಬೆಚ್ಚಿದ್ದರು. ಓವೆನ್ ಮುಂದಿನ ಸಾಲಿನಲ್ಲಿ ಆರು ಜನರನ್ನು ನಿಲ್ಲಿಸಿದರು. ಆದರೆ ಚೆಂಡು ಚಲಿಸಿದ ಕೂಡಲೇ ಎರಡೂ ತುದಿಯವರು ಬೇಕಾದಾಗ ಹಿಂದೆ ಸರಿದು ಎಸೆತಕ್ಕೆ ಅಡ್ಡ ನಿಲ್ಲುತ್ತಿದ್ದರು. ಹಿಂದಿನ ನಾಲ್ವರೊಡನೆ ಸೇರಿ ಆ ವ್ಯೂಹ ಕೊಡೆಯಂತೆ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೆ ‘ಅಂಬ್ರೆಲಾ ಡಿಫೆನ್ಸ್’ ಎಂಬ ಹೆಸರೇ ನಿಂತಿತು. ಬ್ರೌನ್ಸ್ ತಮ್ಮ ಇತಿಹಾಸದಲ್ಲೇ ಮೊದಲ ಬಾರಿ ಒಂದೂ ಅಂಕ ಗಳಿಸದೆ 6–0ರಿಂದ ಸೋತಿತು. ಆ ನಾಲ್ವರಲ್ಲಿ ಒಬ್ಬರಾಗಿದ್ದ ಟಾಮ್ ಲ್ಯಾಂಡ್ರಿ ಮುಂದೆ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಕಟ್ಟಿದರು.

ತರಬೇತುದಾರರಾಗಿ ಎರಡು ಪ್ರಶಸ್ತಿ, ಎಂಟು ಸಲ ಅಂತಿಮ ಪಂದ್ಯ. ಆದರೂ 1953ರ ಸೋಲುಗಳ ನಂತರ ಓವೆನ್ ಜಾಗ ತೆರವು ಮಾಡಬೇಕಾಯಿತು. ಬಳಿಕ ಕೆನಡಾದ ತಂಡಗಳಿಗೂ ತರಬೇತಿ ಕೊಟ್ಟರು.

1963ರಲ್ಲಿ ಅಮೆರಿಕದ ಓಹಿಯೊ ರಾಜ್ಯದ ಕ್ಯಾಂಟನ್ ನಗರದಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನ ತೆರೆಯಿತು. ಮೊದಲ ಪಟ್ಟಿಯಲ್ಲಿ ಮಾಲೀಕ ಮಾರಾ ಇದ್ದರು, ಓವೆನ್ ಕೈಯಲ್ಲಿ ಪಳಗಿದ, ಮುಂಚೂಣಿಯ ನಟ್ಟನಡುವಿನ ‘ಸೆಂಟರ್’ ಆಟಗಾರ ಮೆಲ್ ಹೈನ್ ಇದ್ದರು, ಎದುರಾಳಿ ಬೇರ್ಸ್‌ನ ಜಾರ್ಜ್ ಹಾಲಸ್ ಇದ್ದರು. ಓವೆನ್ ಇರಲಿಲ್ಲ. 1964ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಪಟ್ಟಿಗೆ ಅವರ ಹೆಸರು ಸೇರಿದ್ದು 1966ರಲ್ಲಿ. ಆ ಮೊದಲ ಪಟ್ಟಿಯಲ್ಲೇ ಅವರಿಗೆ ಜಾಗ ಸಲ್ಲಬೇಕಿತ್ತು ಎಂದು ನಾನು ಬಲವಾಗಿ ನಂಬುತ್ತೇನೆ.