ಊರಾಚೆಯ ಮನೆ, ಒಂದು ಕೋಣೆ ಜಾಸ್ತಿ

ಎಲ್ಲರಿಗೂ ನಮಸ್ಕಾರ. ನನಗಿಂತ ಮುಂಚೆ ಮಾತಾಡಿದವರು ಊರಾಚೆಯ ಬಡಾವಣೆಗಳನ್ನು ಚೆನ್ನಾಗಿ ಬೈದರು. ಹೊಲ ನುಂಗುತ್ತವೆ, ಪೆಟ್ರೋಲ್ ಕುಡಿಯುತ್ತವೆ, ಒಂದು ಪೆನ್ಸಿಲ್ ತರಲೂ ಕಾರು ಬೇಕು. ಎಲ್ಲ ನಿಜ. ಆದರೆ ಅಲ್ಲಿಗೆ ಹೋದವರೆಲ್ಲ ದಡ್ಡರು ಅನ್ನುವ ಹಾಗೆ ಮಾತಾಡಿದ್ದು ಯಾಕೋ ಹಿಡಿಸಲಿಲ್ಲ. ನಾನೂ ಹೋದವನೇ.

ನಾವು ಮನೆ ನೋಡಲು ಹೋದದ್ದು ಭಾನುವಾರ. ಎಲ್ಲರೂ ಹೋಗುವುದು ಭಾನುವಾರವೇ, ಅಲ್ವಾ? ರಸ್ತೆ ಖಾಲಿ, 35 ನಿಮಿಷ. ‘ನೋಡು, ಏನೂ ದೂರ ಇಲ್ಲ’ ಅಂತ ಹೆಂಡತಿಗೆ ಹೇಳಿದೆ. ಒಳಗೆಲ್ಲ ಹೊಸ ಪೇಂಟಿನ ವಾಸನೆ. ನಾನು ಎಲ್ಲ ಗೊತ್ತಿರುವವನ ಹಾಗೆ ನಲ್ಲಿ ತಿರುಗಿಸಿ ನೋಡುತ್ತಿದ್ದೆ. ಅವಳು ಟೇಪು ಹಿಡಿದು ಬೀರು ಹಿಡಿಸುತ್ತದಾ ಅಂತ ಗೋಡೆ ಅಳೆಯುತ್ತಿದ್ದಳು. ಏಳು ವರ್ಷದ ಮಗಳು ಮೂಲೆಯ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡಳು. ಒಳಗಿಂದಲೇ ಕೂಗಿದಳು: ‘ಇದು ನಂದು!’ ನಾವು ಮನೆ ಕೊಂಡದ್ದು ಆಗಲೇ. ಸಾಲದ ಕಾಗದಕ್ಕೆ ಸಹಿ ಹಾಕಿದ್ದು ಆಮೇಲಿನ ಮಾತು.

ಬಂದು ನೆಲೆಸಿದ ಮೇಲೆ ಮೊದಲ ಸೋಮವಾರ ಅದೇ ರಸ್ತೆಗೆ ಒಂದೂವರೆ ಗಂಟೆ ಹಿಡಿಯಿತು.

ನನ್ನ ವಾದ ಇಷ್ಟೇ. ಜನ ಬಡಾವಣೆಯನ್ನು ಆರಿಸುವುದಿಲ್ಲ, ಒಂದು ಕೋಣೆ ಜಾಸ್ತಿ ಇರುವ ಮನೆಯನ್ನು ಆರಿಸುತ್ತಾರೆ. ಅದು ಕೈಗೆಟುಕುವ ಹೊತ್ತಿಗೆ ಊರು ಮುಗಿದಿರುತ್ತದೆ. ದೂರ ಸರಿದಷ್ಟೂ ನೆಲದ ಬೆಲೆ ಇಳಿಯುತ್ತದೆ, ಓಡಾಟದ ಖರ್ಚು ಏರುತ್ತದೆ. ನಗರಗಳ ಅರ್ಥಶಾಸ್ತ್ರ ಬರೆದ ವಿಲಿಯಂ ಅಲೊನ್ಸೊ 1964ರಲ್ಲೇ ಇದರ ಲೆಕ್ಕ ಬಿಡಿಸಿಟ್ಟರು. ಆದರೆ ಮನೆಯ ಬೆಲೆ ಒಂದೇ ಕಾಗದದಲ್ಲಿ ಕಣ್ಣಿಗೆ ರಾಚುತ್ತದೆ, ಓಡಾಟದ ಬೆಲೆ ದಿನಾ ಚಿಲ್ಲರೆಯಾಗಿ ಸೋರುತ್ತದೆ. ದಿನಕ್ಕೆ ಓಡಾಟಕ್ಕೆ ಮನುಷ್ಯ ಕೊಡುವುದು ಸುಮಾರು ಒಂದು ಗಂಟೆ ಅಂತ 1994ರಲ್ಲಿ ಇಟಲಿಯ ಭೌತವಿಜ್ಞಾನಿ ಚೆಸರೆ ಮಾರ್ಕೆಟ್ಟಿ ಬರೆದರು. ರಸ್ತೆ ಚುರುಕಾದರೆ ಆ ಗಂಟೆ ಉಳಿಯುವುದಿಲ್ಲ, ಮನೆ ಇನ್ನಷ್ಟು ದೂರ ಹೋಗುತ್ತದೆ. ನನ್ನ ಒಂದು ಗಂಟೆ ಆಫೀಸು ಮುಟ್ಟುವ ಮುಂಚೆಯೇ ಖರ್ಚಾಗಿರುತ್ತಿತ್ತು, ಬಿಡಿ.

ಅಮೆರಿಕದ ಲೆವಿಟ್‌ಟೌನ್ ಅನ್ನುವ ಬಡಾವಣೆಯನ್ನೇ ನೋಡಿ. 1947ರಿಂದ 1951ರ ಒಳಗೆ ನ್ಯೂಯಾರ್ಕ್ ಹೊರಗೆ 17,000ಕ್ಕೂ ಜಾಸ್ತಿ ಮನೆ, ಅಚ್ಚು ಒತ್ತಿದ ಹಾಗೆ. ನೋಡಿ ನಕ್ಕವರು ಬೇಕಾದಷ್ಟು. ಎರಡನೇ ಮಹಾಯುದ್ಧ ಮುಗಿಸಿ ಬಂದು, ಅಪ್ಪ ಅಮ್ಮನ ಮನೆಯ ಮೂಲೆಯಲ್ಲಿ ಹೆಂಡತಿ ಮಕ್ಕಳ ಜೊತೆ ಮುದುರಿಕೊಂಡಿದ್ದವರು ನಗಲಿಲ್ಲ, ಸಾಲು ನಿಂತರು. ಕೋಣೆ! ಆದರೆ ಆ ಸಾಲಿನಲ್ಲಿ ಕಪ್ಪು ಜನರಿಗೆ ಜಾಗ ಇರಲಿಲ್ಲ, ಕರಾರಿನಲ್ಲೇ ಹಾಗೆ ಬರೆದಿತ್ತು. ಆಯ್ಕೆ, ಆಯ್ಕೆ ಅನ್ನುವ ನಮಗೆ ಇದೂ ನೆನಪಿರಲಿ.

ಚೀಟಿ ಬಂತು, ಎರಡು ನಿಮಿಷವಂತೆ. ಶಾಲೆ, ಸುರಕ್ಷತೆ, ನೆರೆಹೊರೆ ಅಂತ ಬರೆದುಕೊಂಡು ಬಂದಿದ್ದೆ. ಸುಮ್ನೆ ಮುಟ್ಟಿ ಬಿಡುತ್ತೇನೆ. ಮಕ್ಕಳು ಹೊರಗೆ ಸೈಕಲ್ ಹೊಡೆಯಲಿ ಅಂತ ಹೋಗುತ್ತಾರೆ. ಅದೇ ಮಕ್ಕಳು ದೊಡ್ಡವರಾದರೆ ಎಲ್ಲಿಗೂ ನಾವೇ ಬಿಟ್ಟು ಬರಬೇಕು. ಕೆದಕಿದರೆ ತಳದಲ್ಲಿ ಸಿಗುವುದು ಕೋಣೆಯೇ. ಊರೊಳಗೆ ಸಂಸಾರ ಹಿಡಿಸುವ ಮನೆ ಕಟ್ಟದೆ, ಆಚೆ ಹೋದವರನ್ನು ಬೈದರೆ ಹೇಗೆ?

ಮಗಳು ಈಗ ಊರ ನಡುವೆ ಒಂದೇ ಕೋಣೆಯ ಮನೆಯಲ್ಲಿದ್ದಾಳೆ, ಗಂಡನ ಜೊತೆ. ಆಫೀಸಿಗೆ ನಡೆದೇ ಹೋಗುತ್ತಾಳೆ. ನಿನ್ನ ತಪ್ಪು ನಾನು ಮಾಡಲ್ಲಪ್ಪ ಅನ್ನುತ್ತಿದ್ದಳು. ಈಗ ಬಸುರಿ, ಏಳು ತಿಂಗಳು. ಮೊನ್ನೆ ಫೋನ್ ಮಾಡಿ, ‘ಅಪ್ಪಾ, ಭಾನುವಾರ ಒಂದು ಮನೆ ನೋಡೋಕೆ ಹೋಗ್ತಿದೀವಿ, ಬರ್ತೀಯಾ?’ ಅಂದಳು.

‘ಬರ್ತೀನಿ, ಆದ್ರೆ ಸೋಮವಾರ ಹೋಗೋಣ’ ಅಂದೆ. ‘ಬೆಳಿಗ್ಗೆ ಎಂಟಕ್ಕೆ.’